ಕಲ್ಲುಪುಡಿ ಅಳಿಯ

"ಏನಳಿಯಂದ್ರೇ, ಇನ್ನೂ ಕಲ್ಲುಪುಡೀನೇ ಮಾರ್ತಿದೀರಾ?"

ನಾಮಕರಣದ ಪಂಕ್ತಿಯಲ್ಲಿ ಹೆಂಡತಿಯ ದೊಡ್ಡಮ್ಮ ಗೋದಮ್ಮ ಹೀಗೆ ಕೇಳಿದಾಗ, ಎಲೆ ಮುಂದೆ ಕೂತ ನೂರು ಜನ ಸಾವಿರ ಬಾಯಲ್ಲಿ ನಕ್ಕರು. ಆ ಕ್ಷಣವೇ ಕೈಲಾಸ್ ನಿರ್ಧರಿಸಿಬಿಟ್ಟ. ಈ ಮುದುಕಿಗೆ ಕಲ್ಲು ತಿನ್ನಿಸಬೇಕು. ಅದೂ ಅವಳ ಬಾಯಿಂದಲೇ ಹೊಗಳಿಸಿಕೊಂಡು.

ಅವನು ಮಾರುತ್ತಿದ್ದುದು ಫೆಲ್ಡ್‌ಸ್ಪಾರ್ ಎಂಬ ಬಿಳಿ ಕಲ್ಲಿನ ಪುಡಿ. ಅದಿಲ್ಲದೆ ಟೈಲ್ಸ್ ಗಟ್ಟಿಯಾಗದು, ಗಾಜು ಹದಕ್ಕೆ ಬಾರದು, ಕಮೋಡು ಹೊಳೆಯದು. ಗೋದಮ್ಮ ಕಾಫಿ ಹೀರುವ ಪಿಂಗಾಣಿ ಕಪ್ಪಿನಲ್ಲೂ ಅದೇ, ನಗುವಾಗ ಮಿಂಚುವ ಕಟ್ಟಿಸಿದ ಹಲ್ಲಿನಲ್ಲೂ ಅದೇ. ಬಾಯಲ್ಲಿ ಇಟ್ಟುಕೊಂಡದ್ದನ್ನೇ ಆಡಿಕೊಳ್ಳುವ ಮೂಢೆ!

ಬಸವನಗುಡಿಯ ಮನೆಯಲ್ಲಿ ಗೋದಮ್ಮ ಮಾಡಿ ಮಾರುವ ಚಕ್ಕುಲಿ, ಕೋಡುಬಳೆಗೆ ಶಂಕರಪುರದಿಂದ ಚಾಮರಾಜಪೇಟೆವರೆಗೂ ಗಿರಾಕಿಗಳು. ಕೈಲಾಸ್ ಕಲಾಸಿಪಾಳ್ಯದ ತನ್ನ ಗೋದಾಮಿನಲ್ಲಿ ಅಕ್ಕಿಹಿಟ್ಟಿನ ವ್ಯಾಪಾರವನ್ನೂ ಶುರುಮಾಡಿದ. ಮೂರು ಪಾಲು ಹಿಟ್ಟಿಗೆ ಒಂದು ಪಾಲು ಕಲ್ಲುಪುಡಿ, ಮುಖದ ಪೌಡರಿಗಿಂತ ನಯವಾದದ್ದು. ಜರಡಿಗೆ ಸಿಗದು, ಹಲ್ಲಿಗೆ ಕರಕರ ಎನ್ನದು, ಬಣ್ಣ ಅದೇ, ವಾಸನೆ ಇಲ್ಲ. ಸಿಕ್ಕಿಬಿದ್ದರೆ ವ್ಯಾಪಾರವೂ ನೆಂಟಸ್ತಿಕೆಯೂ ಮಣ್ಣುಪಾಲು ಎಂದು, ತಾನೇ ಏಳು ಸಲ ಚಕ್ಕುಲಿ ಕರಿದು ನೋಡಿದ. ಅಷ್ಟು ಶ್ರದ್ಧೆ ಓದಿನಲ್ಲಿಟ್ಟಿದ್ದರೆ ಡಿಸಿ ಆಗಿ ಕೆಂಪು ದೀಪದ ಕಾರಲ್ಲಿ ಓಡಾಡುತ್ತಿದ್ದ.

ಅವನು ಮನೆಗೆ ತಂದುಕೊಟ್ಟ ಹಿಟ್ಟನ್ನು ಗೋದಮ್ಮ ಮೂಸಿದಳು, ಬೆರಳಲ್ಲಿ ಉಜ್ಜಿದಳು, ಚಿಟಿಕೆ ನಾಲಿಗೆಗೂ ಇಟ್ಟಳು.

"ಪರ್ವಾಗಿಲ್ವೇ! ಯಾರ್ ಬೀಸಿದ್ದು?"

"ನಾನೇ ಮುಂದೆ ನಿಂತು ಬೀಸಿಸ್ದೆ ದೊಡ್ಡಮ್ಮ. ಬೇರೆಯವ್ರ ಕೈ ಸೋಕಿಲ್ಲ."

"ನಾಳೆ ಬನ್ನಿ. ಚೆನ್ನಾಗಿದ್ರೆ ವರ್ಷಪೂರ್ತಿ ನಿಮ್ದೇ."

ಅವಳೆದುರು ಕೈಮುಗಿದು ನಿಂತ ಕೈಲಾಸನ ಹೊಟ್ಟೆಯೊಳಗೆ ನಗು ನಗಾರಿ ಬಾರಿಸಿತು. ಇನ್ನು ಯಾವ ಪಂಕ್ತಿಯಲ್ಲಿ ಯಾರು ನಕ್ಕರೇನು?

ಮರುದಿನ ಮಧ್ಯಾಹ್ನ ಇಸ್ತ್ರಿ ಪಂಚೆಯುಟ್ಟು ಬಂದ. ಗೋದಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಕ್ಕಪಕ್ಕದ ಮನೆಯ ಹೆಂಗಸರೂ ನೆರೆದಿದ್ದರು.

"ಚಕ್ಕುಲಿ ಹೇಗ್ ಬಂತು ದೊಡ್ಡಮ್ಮ?"

"ಚಕ್ಕುಲಿಗೇನು, ಗರಿಗರಿಯಾಗ್ ಬಂತು. ಕಾಲಿಡ್ಬೇಡಿ ಅಳಿಯಂದ್ರೇ. ಅಲ್ಲೇ ನಿಂತು ಕೆಳಗೆ ನೋಡಿ."

ಜರಡಿ, ಮೂಗು, ನಾಲಿಗೆ, ಹಲ್ಲು ಎಲ್ಲಕ್ಕೂ ಉಪಾಯ ಹೂಡಿದ್ದ ಕೈಲಾಸನಿಗೆ ಒಂದು ಮಾತ್ರ ಹೊಳೆದಿರಲಿಲ್ಲ. ಹೊಸ ಹಿಟ್ಟು ಮನೆಗೆ ಬಂದರೆ ಗೋದಮ್ಮ ಮೊದಲ ಹಿಡಿಯಲ್ಲಿ ಹೊಸ್ತಿಲ ಮುಂದೆ ತಾವರೆ ರಂಗೋಲಿ ಬಿಡುತ್ತಿದ್ದಳು, ಇರುವೆಗಳ ಪಾಲೆಂದು. ಬಸವನಗುಡಿಯ ಇರುವೆಗಳೂ ಸುದ್ದಿ ತಿಳಿದು ಬಂದಿದ್ದವೋ ಏನೋ, ಅಕ್ಕಿಯನ್ನಷ್ಟೇ ಕಣಕಣವಾಗಿ ಆರಿಸಿಕೊಂಡು ಹೋಗಿದ್ದವು. ಉಳಿದ ಬಿಳಿ ಪುಡಿಯಲ್ಲಿ, ಮುಕ್ಕಾಲು ಪಾಲು ತೆಳ್ಳಗಾಗಿದ್ದರೂ, ತಾವರೆಯ ಎಂಟು ದಳಗಳೂ ಹಾಗೇ ಇದ್ದವು.