ಮಿರೂನಾಳನ್ನು ಬಿಟ್ಟುಕೊಡದವರು

"ಅಷ್ಟು ಅಳ್ತಿರೋ ಆ ಮಗುವನ್ನ ಎತ್ಕೊಳ್ಳೋಕೆ ಆಗಲ್ವಾ? ನಿಮಗಿರೋದು ಎದೆಯೋ, ಕಲ್ಲೋ?"

ವಾಸ್ಲೂಯಿ ಊರಿನ ಅನಾಥಾಲಯಕ್ಕೆ ಅಂದೇ ಬಂದಿದ್ದ ಡಾಕ್ಟರ್ ಒಕ್ತಾವ್ ಬಾಗಿಲಲ್ಲೇ ಗುಡುಗಿದ.

ಆಯಾ ಇಲಿಂಕಾ ಹಾಲಿನ ಬಾಟಲಿಗಳನ್ನು ಮೇಜಿಗೆ ಕುಕ್ಕಿದಳು. "ಇಪ್ಪತ್ತು ತೊಟ್ಟಿಲು, ನಾನೊಬ್ಬಳೇ! ಯಾವುದನ್ನ ಎತ್ತಲಿ? ನೀವೇ ಆರಿಸಿ ಕೊಡಿ ಡಾಕ್ಟ್ರೇ!"

ಅವನು ತೊಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದ. ತಿಂಗಳೊಳಗೆ ಮೇಲಿನವರನ್ನು ಗೋಗರೆದು ಇನ್ನೂ ಮೂವರು ಆಯಾಗಳನ್ನು ತಂದ. ಒಬ್ಬೊಬ್ಬರಿಗೆ ಐದೇ ಮಕ್ಕಳು, ದಿನವೂ ಅವೇ ಐದು. ಮಡಿಲಲ್ಲಿ ಕೂರಿಸಿಕೊಂಡೇ ಊಟ.

ಇಲಿಂಕಾಗೆ ಮೈ ಉರಿಯಿತು.

"ಹಚ್ಕೊಳ್ಳೋದನ್ನ ಕಲಿಸಿ, ಮೂರು ವರ್ಷ ತುಂಬಿದ ದಿನ ವ್ಯಾನ್ ಹತ್ತಿಸಿ ಬೇರೆ ಊರಿಗೆ ಕಳಿಸ್ತೀರಲ್ಲ... ಪುಟ್ಟ ನೆಕುಲೈ ನನ್ನ ಲಂಗ ಹಿಡ್ಕೊಂಡು ಕಿರುಚಿದ್ದು ನಿಮಗೇನು ಗೊತ್ತು? ಅವನ ಬೆರಳು ಒಂದೊಂದಾಗಿ ಬಿಡಿಸಿದ್ದು ನಾನೇ!"

"ಅದಕ್ಕೇ ಈಗ ಯಾರನ್ನೂ ಮುಟ್ಟಲ್ವಾ?"

"ಹೌದು! ಏನೀಗ?"

ಅವಳ ಪಾಲಿಗೆ ಬಂದ ಐವರಲ್ಲಿ ಮಿರೂನಾಗೆ ಎರಡೂವರೆ ವರ್ಷ. ಯಾರ ಮುಖವನ್ನೂ ನೋಡದೆ ದಿನವಿಡೀ ಹಿಂದೆ ಮುಂದೆ ತೂಗಾಡುವ ಮಗು. ಇಲಿಂಕಾ ಡಾಕ್ಟರಿಗೆ ಶಾಪ ಹಾಕುತ್ತಲೇ ಅವಳಿಗೆ ತುತ್ತಿಟ್ಟಳು.

ಹಾಗೇ ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಮಿರೂನಾ ಎಡವಿ ಬಿದ್ದಳು. ಎದ್ದು, ಅಷ್ಟು ಜನರ ನಡುವೆ ಇಲಿಂಕಾಳನ್ನೇ ಹುಡುಕಿ ಬಂದು, ಅವಳ ಮಂಡಿಗೆ ಮುಖ ಒತ್ತಿದಳು.

'ಅಯ್ಯೋ... ಮತ್ತೆ ಸಿಕ್ಕಿಬಿದ್ದೆ!' ಅಂದುಕೊಂಡಳು ಇಲಿಂಕಾ.

ಮಾರನೇ ದಿನ ನಿರ್ದೇಶಕಿಯ ಕೋಣೆಯಲ್ಲಿ ಕಣ್ಣಿಗೆ ಬಿತ್ತು ಆ ಕಾಗದ. ವರ್ಗಾವಣೆ: ಮಿರೂನಾ. ಕೆಳಗೆ ಒಕ್ತಾವ್‌ನ ಸಹಿ!

ಅವಳು ಅದನ್ನು ಅಲ್ಲೇ ನಿಂತಿದ್ದ ಅವನ ಮುಖಕ್ಕೇ ಎಸೆದಳು. "ಕಟುಕ! ನಿಮ್ಮನ್ನ ಕಂಡ್ರೆ ನನಗಾಗಲ್ಲ... ಸಾಯೋವರೆಗೂ ಆಗಲ್ಲ!"

"ಬೈಯೋ ಮೊದಲು ಪೂರ್ತಿ ಓದ್ರೀ!" ಅವನೂ ಕೂಗಿದ.

ಅವಳು ಕಾಗದ ಹೆಕ್ಕಿ, ಸಹಿಯ ಮೇಲಿನ ಸಾಲು ಓದಿದಳು. 'ಈ ವರ್ಗಾವಣೆಗೆ ನನ್ನ ಒಪ್ಪಿಗೆ ಇಲ್ಲ. ಮಗುವನ್ನು ಇಲಿಂಕಾಳಿಂದ ಬೇರ್ಪಡಿಸಿದರೆ ಇದನ್ನೇ ನನ್ನ ರಾಜೀನಾಮೆ ಎಂದು ತಿಳಿಯಿರಿ.'

"ಆ ಮಗು ಇಲ್ಲೇ ಇರಲಿ ಮಾರಾಯ್ರೇ!" ನಿರ್ದೇಶಕಿ ಕೊರ್ನೇಲಿಯಾ ತಲೆ ಹಿಡಿದುಕೊಂಡಳು. "ಎಲ್ಲ ಮಕ್ಕಳೂ ಶಾಲೆಗೆ ಸೇರೋವರೆಗೂ ಇಲ್ಲೇ ಇರಲಿ! ಮೊದಲು ನೀವಿಬ್ಬರೂ ಆಚೆ ನಡೀರಿ!"

ಹೊರಗೆ ಹಜಾರದಲ್ಲಿ ಒಕ್ತಾವ್ ಮೆಲ್ಲನೆ ಇಲಿಂಕಾಳ ಕೈ ಹಿಡಿದ. ಎಲ್ಲಿಂದಲೋ ಓಡಿ ಬಂದ ಮಿರೂನಾ ಅವನನ್ನು ಎರಡೂ ಕೈಯಿಂದ ನೂಕಿ, "ನಂದು!" ಎಂದು ಚೀರಿದಳು.

ಅವನು ನಕ್ಕ. "ಇವಳಿಗೂ ನನ್ನ ಕಂಡ್ರೆ ಆಗಲ್ಲ..."

ಇಲಿಂಕಾ ಮಗುವನ್ನು ಎತ್ತಿಕೊಂಡಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಇವಳ ವಿಷಯ ಗೊತ್ತಿಲ್ಲ ಡಾಕ್ಟ್ರೇ... ನನಗಾಗುತ್ತೆ."