ಕೆರೆಯ ತಳದ ಕಪ್ಪು ಪಟ್ಟಿ

"ತಳ್ಳಬೇಡ್ರೋ! ಮೇಜು ಅಲ್ಲಾಡಿದ್ರೆ ಎಲ್ಲಾ ಕಲಸಿ ಹೋಗುತ್ತೆ!"

ಕೆಸರು ಆಂಟಿ ಕೂಗಿದ್ದೇ ತಡ, ಐದನೇ ಕ್ಲಾಸಿನವರೆಲ್ಲ ಹಿಂದೆ ಸರಿದರು. ಆ ಹೆಸರು ಮಕ್ಕಳೇ ಇಟ್ಟಿದ್ದು. ಆಕೆ ವಿಜ್ಞಾನಿ. ಕೆರೆಯ ತಳಕ್ಕೆ ಉದ್ದನೆಯ ಪೈಪ್ ಇಳಿಸಿ, ಕೆಸರು ತುಂಬಿಸಿ ಮೇಲೆತ್ತಿದ್ದರು. ಈಗ ಆ ಪೈಪನ್ನು ಉದ್ದಕ್ಕೆ ಸೀಳಿ ಶಾಲೆಯ ಲ್ಯಾಬಿನ ಮೇಜಿನ ಮೇಲೆ ಮಲಗಿಸಿದ್ದರು.

ಗುಬ್ಬಿ ಬಗ್ಗಿ ನೋಡಿದಳು. ಕೆಸರು ಪದರ ಪದರವಾಗಿತ್ತು. ಕೆಳತುದಿಯ ಕಡೆಯೆಲ್ಲ ಕಂದು. ಮೇಲ್ತುದಿಯ ಹತ್ತಿರ ಮಾತ್ರ ಒಂದು ಕಪ್ಪು ಪಟ್ಟಿ.

"ಕೆಳಗಿರೋದು ಹಳೇದು, ಮೇಲಿರೋದು ಹೊಸದು," ಅಂದರು ಆಂಟಿ. "ಈ ಕಪ್ಪು ಇದೆಯಲ್ಲ, ನಿಮ್ಮೂರಿನ ಹಳೇ ಪವರ್‌ಹೌಸ್ ಮಸಿ. ಕರೆಂಟ್ ಮಾಡೋಕೆ ಸುಟ್ಟ ಕಲ್ಲಿದ್ದಲಿನ ಹೊಗೆಯಿಂದ ಬಂದಿದ್ದು. ಬೇರೆ ದೇಶಗಳ ಕೆರೆಗಳಲ್ಲೂ ಇಂಥದ್ದು ಸಿಕ್ಕಿದೆ. ಅದಕ್ಕೇ ಕೆಲವು ವಿಜ್ಞಾನಿಗಳು, ಭೂಮಿಯ ಚರಿತ್ರೆಯಲ್ಲಿ ಇಲ್ಲಿಂದಾಚೆಗೆ ಮನುಷ್ಯರ ಯುಗ ಅಂತ ಕರೀಬೇಕು ಅಂತಾರೆ. ಬೇಡ ಅನ್ನೋರೂ ಇದ್ದಾರೆ."

"ಅಳಿಸಿ ಹೋಗಲ್ವಾ ಆಂಟಿ?" ಗುಬ್ಬಿ ಕೇಳಿದಳು.

"ಇಲ್ಲ ಪುಟ್ಟಾ. ಈ ಕೆಸರು ಮುಂದೆ ಕಲ್ಲಾದ್ರೂ ಮಸಿ ಒಳಗೇ ಇರುತ್ತೆ."

"ಹಾಗಾದ್ರೆ ಅದು ಗುಬ್ಬಿ ಅಜ್ಜನ ಮಸಿ!" ಹಿಂದಿನಿಂದ ಮೈಕ್ ಕಿರುಚಿದ. ಅವನ ದೊಡ್ಡ ಗಂಟಲಿಗೆ ಕ್ಲಾಸಿನವರು ಇಟ್ಟ ಹೆಸರದು. "ಪವರ್‌ಹೌಸಲ್ಲಿ ಕೆಲಸ ಮಾಡ್ತಿದ್ದಿದ್ದು ಅವರೇ ಅಲ್ವಾ?"

ಎಲ್ಲರೂ ಗೊಳ್ಳೆಂದರು. ಗುಬ್ಬಿಯ ಕಿವಿ ಬಿಸಿಯಾಯಿತು.

"ನಮ್ಮಜ್ಜ ಅಲ್ಲ! ಅವರು... ಬಸ್ ಡ್ರೈವರ್ ಆಗಿದ್ರು!"

ಸುಳ್ಳು ಬಾಯಿಂದ ಜಾರಿಬಿಟ್ಟಿತ್ತು.

ಮನೆಯಲ್ಲಿ ಅಜ್ಜ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಲಗಿದರೆ ಅವರಿಗೆ ಉಸಿರು ಕಟ್ಟುತ್ತಿತ್ತು.

"ಕೆರೇಲಿ ಏನು ಸಿಕ್ತು ಮರಿ?"

"ಬರೀ ಕೆಸರು." ಗುಬ್ಬಿ ತಲೆಯೆತ್ತದೆ ಶೂ ಬಿಚ್ಚಿದಳು.

"ಕರೀದು ಏನೂ ಇರ್ಲಿಲ್ವಾ?"

ಅವಳು ಮೆಲ್ಲಗೆ ಬೆರಳೆತ್ತಿ ತೋರಿಸಿದಳು. "ಇಷ್ಟು ದಪ್ಪ."

ಅಜ್ಜನಿಗೆ ಕೆಮ್ಮು ಒತ್ತರಿಸಿ ಬಂತು. ಅವಳು ನೀರು ತಂದುಕೊಟ್ಟಳು.

"ನಿಮ್ಮಜ್ಜಿ ಒಗೆದು ಹಾಕಿದ ಬಿಳೀ ಬಟ್ಟೆ ಸಾಯಂಕಾಲಕ್ಕೆ ಬೂದಿ ಬಣ್ಣ ಆಗ್ತಿತ್ತು," ಅಂದರು ಅಜ್ಜ. "ಬೈಕೊಂಡೇ ಮತ್ತೆ ಒಗೀತಿದ್ಲು. ಆದ್ರೆ ಆಸ್ಪತ್ರೇಲಿ ಲೈಟ್ ಉರೀತಿತ್ತು, ಮನೆಮನೇಲಿ ಫ್ಯಾನ್ ತಿರುಗ್ತಿತ್ತು. ನಾನು ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ. ಹೊಗೆ ಗಾಳೀಲಿ ಕರಗಿ ಹೋಗುತ್ತೆ ಅಂದ್ಕೊಂಡಿದ್ವಿ." ನೀರಿನ ಲೋಟ ಕೆಳಗಿಟ್ಟು ಕೇಳಿದರು. "ನಂಗೂ ತೋರಿಸ್ತೀಯಾ?"

ಗುಬ್ಬಿಗೆ ಶಾಲೆಯಲ್ಲಿ ಹೇಳಿದ ಸುಳ್ಳು ನೆನಪಾಯಿತು. ಆದರೂ ಹೂಂ ಎಂದು ತಲೆಯಾಡಿಸಿದಳು.

ಮರುದಿನ ಅಜ್ಜ ಗುಬ್ಬಿಯ ಹೆಗಲ ಮೇಲೆ ಕೈಯಿಟ್ಟುಕೊಂಡು, ಇಬ್ಬರೂ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾ ಶಾಲೆ ಮುಟ್ಟಿದರು.

"ಓ, ಡ್ರೈವರ್ ಅಜ್ಜ ಬಂದ್ರು!" ಲ್ಯಾಬಿನ ಬಾಗಿಲಲ್ಲೇ ಮೈಕ್ ಕೂಗಿದ.

ಅಜ್ಜ ತಿರುಗಿ ಮೊಮ್ಮಗಳ ಮುಖ ನೋಡಿದರು.

"ಡ್ರೈವರ್ ಅಲ್ಲ," ಅಂದಳು ಗುಬ್ಬಿ. "ನಾನು ನಿನ್ನೆ ಸುಳ್ಳು ಹೇಳಿದ್ದೆ. ನಮ್ಮಜ್ಜ ಪವರ್‌ಹೌಸ್ ಬಾಯ್ಲರ್‌ಗೆ ಕಲ್ಲಿದ್ದಲು ಹಾಕ್ತಿದ್ರು."

ಯಾರೂ ನಗಲಿಲ್ಲ. ಅಜ್ಜನ ಕೈ ಅವಳ ಹೆಗಲ ಮೇಲೆ ಹಾಗೇ ಇತ್ತು. ಭಾರವಾಗಿತ್ತು.

ಅವರು ಕಪ್ಪು ಪಟ್ಟಿಯನ್ನು ತುಂಬಾ ಹೊತ್ತು ನೋಡಿದರು. "ಇದರ ಮೇಲಿರೋದು ಏನಮ್ಮಾ?"

"ಪವರ್‌ಹೌಸ್ ಮುಚ್ಚಿದ ಮೇಲಿನದು," ಅಂದರು ಆಂಟಿ.

"ಅದು ಕ್ಲೀನ್ ಅಲ್ವಾ ಆಂಟಿ?" ಗುಬ್ಬಿ ಆಸೆಯಿಂದ ಕೇಳಿದಳು.

ಆಂಟಿ ಚಿಟಿಕೆಯಷ್ಟು ಕೆಸರನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನ ಕೆಳಗೆ ತಳ್ಳಿದರು. ಗುಬ್ಬಿ ಕಣ್ಣಿಟ್ಟಳು. ಮಣ್ಣಿನ ಕಣಗಳ ನಡುವೆ ನೀಲಿ ನೂಲೊಂದು ಸುರುಳಿಯಾಗಿ ಬಿದ್ದಿತ್ತು.

"ಪ್ಲಾಸ್ಟಿಕ್ ನೂಲು ಅದು. ಈಗಿನ ಹೆಚ್ಚಿನ ಸ್ವೆಟರ್ ಅದರಿಂದಲೇ ಮಾಡೋದು. ಸ್ವೆಟರ್ ಒಗೆದ ನೀರು ಚರಂಡಿಯಿಂದ ಕೆರೆಗೇ ತಾನೇ ಬರೋದು?"

ಗುಬ್ಬಿ ತನ್ನ ತೋಳು ನೋಡಿಕೊಂಡಳು. ಶಾಲೆಯ ನೀಲಿ ಸ್ವೆಟರ್. ಒಗೆದು ಒಗೆದು ಜುಂಗೆದ್ದಿತ್ತು. ಪಕ್ಕದಲ್ಲಿದ್ದ ಮೈಕ್‌ನದೂ ಅಷ್ಟೇ.

"ಏನು ಕಾಣ್ತು ಮರಿ?" ಅಜ್ಜ ಕೇಳಿದರು.

ಅವಳು ಸರಿದು ಅವರಿಗೆ ಜಾಗ ಬಿಟ್ಟಳು.

"ನೋಡಜ್ಜ," ಅಂದಳು ಮೆಲ್ಲಗೆ. "ಇದು ನಮ್ದು."