ಕೆಂಚ ಬರುವ ಬಾಗಿಲು

ಆ ಸಂಗೀತ ಇಡೀ ಬಸ್ಸಿಗೆ ಕೇಳಿಸಿತು!

ಇಯರ್‌ಫೋನ್ ಕಿವಿಯಲ್ಲೇ ಇತ್ತು. ಅದರ ಪಿನ್ನು ಮಾತ್ರ ಮೊಬೈಲಿನಿಂದ ಯಾವಾಗಲೋ ಕಳಚಿಕೊಂಡಿತ್ತು. ಹುಬ್ಬಳ್ಳಿಯಿಂದ ಕಲಘಟಗಿಗೆ ಹೊರಟ ಸಂಜೆಯ ಬಸ್ಸು. ಸಂತೆಯ ಚೀಲಗಳು, ಕಾಲೇಜಿನ ಹುಡುಗಿಯರು, ಬಾಗಿಲಲ್ಲಿ ಜೋತುಬಿದ್ದ ಗಂಡಸರು... ಎಲ್ಲರ ನಡುವೆ ನಗಾರಿಯ ಸದ್ದು, ಕತ್ತಿಯ ಖಣಖಣ, ಆಮೇಲೆ ಒಂಟಿ ಕೊಳಲು.

ಮಹಾನಂದಾ ಗಾಬರಿಯಿಂದ ಮೊಬೈಲನ್ನು ದುಪಟ್ಟಾದಡಿ ಮುಚ್ಚಿದಳು. ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅಕ್ಕೋರು ಬಸ್ಸಿನಲ್ಲಿ ಕೂತು ವಿಡಿಯೋ ಗೇಮಿನ ಟ್ರೇಲರ್ ನೋಡುತ್ತಾರೆ ಅಂತ ಯಾರಿಗಾದರೂ ಗೊತ್ತಾದರೆ?

ಮುಂದಿನ ಸೀಟಿನವನು ತಿರುಗಿಯೇಬಿಟ್ಟ.

"ನರಿ ಕಾಣಸ್ತೇನ್ರಿ?"

"ಏನ್ರಿ?"

"ಸೆವೆನ್ ಗೇಟ್ಸ್ ಅಲ್ಲೇನ್ರಿ ಅದು? ಹೊಸಾದು? ನಾ ಮುಂಜಾನಿಂದ ಅದನ್ನ ನೋಡಾಕತ್ತೀನಿ. ನನಗಂತೂ ನರಿ ಕಾಣಸಲಿಲ್ಲ. ನಿಮ್ಮ ಕಣ್ಣಿಗರ ಬಿತ್ತೇನು ಅಂತ ಕೇಳಿದೆ."

ಈ ತಾಲೂಕಿನಲ್ಲಿ ಆ ನರಿಯ ಬಗ್ಗೆ ಕೇಳುವ ಇನ್ನೊಬ್ಬ ಮನುಷ್ಯ ಇದ್ದಾನೆ!

"ಇಲ್ರಿ..." ಎಂದಳು ಮೆಲ್ಲಗೆ. "ನನಗೂ ಕಾಣಸಲಿಲ್ಲ."

"ಹಂಗಾರ ಇಬ್ಬರೂ ಚಿಂತಿ ಮಾಡೂಣು ಬಿಡ್ರಿ," ಎಂದು ಅವನು ನಕ್ಕ.

ಅವನ ಹೆಸರು ಗೌರೀಶ. ದುಮ್ಮವಾಡದ ದನದ ದವಾಖಾನೆಯ ಡಾಕ್ಟರು. ಕೈಗೆ ಡೆಟಾಲ್ ವಾಸನೆ, ಅಂಗಿಯ ತೋಳಿನ ಮೇಲೆ ಯಾವುದೋ ಎಮ್ಮೆಯ ಜೊಲ್ಲಿನ ಕಲೆ. ಅದನ್ನು ಅವನು ಮುಚ್ಚಿಕೊಳ್ಳಲೂ ಇಲ್ಲ.

ಅವಳಿಗೆ ಆ ಆಟ ಬರೀ ಆಟವಾಗಿರಲಿಲ್ಲ.

ಅಣ್ಣಿಗೇರಿಯ ಮನೆಯಲ್ಲಿ ಇದ್ದದ್ದೇ ಇಬ್ಬರು. ಅವಳು, ಮತ್ತು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಅಪ್ಪ ಶಂಭುಲಿಂಗಪ್ಪ ಮಾಸ್ತರು. ಅವ್ವನ ಮುಖ ಅವಳಿಗೆ ನೆನಪಿಲ್ಲ. ಮಗಳು ಒಬ್ಬಳೇ ಗೋಡೆ ನೋಡುತ್ತ ಕೂಡುತ್ತಾಳೆ ಅಂತ ಅಪ್ಪ ಹುಬ್ಬಳ್ಳಿಯಿಂದ ಒಂದು ಹಳೆಯ ಗೇಮ್ ಡಬ್ಬಿ ತಂದಿದ್ದರು. ಅದರ ಜೊತೆಗೆ ಬಂದದ್ದು ಸೆವೆನ್ ಗೇಟ್ಸ್. ಏಳು ಬಾಗಿಲು. ಪ್ರತಿ ಬಾಗಿಲ ಮುಂದೆ ಎರಡು ಕಲ್ಲು. ಇಬ್ಬರು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ದಾರಿ ತೋರಿಸಲು ಕಿವಿ ಹರಿದ ಒಂದು ಕೆಂಪು ನರಿ. ಅದಕ್ಕೆ ಆಟದಲ್ಲಿ ಯಾವುದೋ ಇಂಗ್ಲಿಷ್ ಹೆಸರಿತ್ತು. ಅಪ್ಪ ಮಾತ್ರ ಅದನ್ನು ಕೆಂಚ ಅಂತಲೇ ಕರೆಯುತ್ತಿದ್ದರು. "ಏ ಕೆಂಚಾ, ಎತ್ತಾಗ ಹೊಂಟೀಯೋ!"

ಏಳನೆಯ ಬಾಗಿಲ ಮುಂದೆ ಒಂದು ದಿನ ಅಪ್ಪ ಎದ್ದುಬಿಟ್ಟರು. "ನಾಳೆ ಮುಗಸೂಣು, ಈಗ ಉಣ್ಣು ನಡಿ ಮಗಳ..."

ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಆ ನಾಳೆ ಬರಲೇ ಇಲ್ಲ.

ಆಮೇಲೆ ಎಷ್ಟೋ ಭಾಗಗಳು ಬಂದವು, ಆಟ ಹಳಸಿತು, ನಿಂತೇಹೋಯಿತು. ಈಗ ಅದನ್ನು ಮೊದಲಿನಿಂದ ಹೊಸದಾಗಿ ಮಾಡುತ್ತಿದ್ದಾರಂತೆ. ಹಳೆಯ ಕಥೆ ಲೆಕ್ಕಕ್ಕಿಲ್ಲ, ಮತ್ತೆ ಮೊದಲ ಬಾಗಿಲು. ಆದರೆ ಟ್ರೇಲರಿನಲ್ಲಿ ನಾಯಕಿ ಹಿಮದ ನಡುವೆ ಒಬ್ಬಳೇ ನಿಂತಿದ್ದಳು. ಪಕ್ಕದ ಕಲ್ಲು ಇರಲಿಲ್ಲ. ನರಿ ಇರಲಿಲ್ಲ.

'ಹೊಸದರಲ್ಲೂ ಒಂಟಿಯೇ ಆಗಬೇಕೇ?' ಎಂದು ಅವಳು ಯಾರನ್ನು ಕೇಳಬೇಕಿತ್ತು?

ಈಗ ಕೇಳಲು ಒಬ್ಬನಿದ್ದ.

ಗದ್ದೆಗಳಲ್ಲಿ ಭತ್ತ ಹಸಿರಾಗಿದ್ದಾಗ ಶುರುವಾದ ಸಂದೇಶಗಳು ಭತ್ತ ಬಣ್ಣ ತಿರುಗುವವರೆಗೂ ನಿಲ್ಲಲಿಲ್ಲ. ಆಟದ ಕಂಪನಿಯವರು ಒಂದು ಚಿತ್ರ ಬಿಟ್ಟರೂ ಸಾಕು, ಇಬ್ಬರೂ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು.

"ಅಕ್ಕೋರ, ಎಡಗಡೆ ಮೂಲ್ಯಾಗ ನೋಡ್ರಿ. ಬಾಲ ಇದ್ದಂಗ ಐತಿ!"

"ಅದು ಪೊದಿ ರೀ ಡಾಕ್ಟರ."

"ನಾ ದನಾ ನೋಡಾವ ರೀ. ಬಾಲ ಯಾವುದು, ಪೊದಿ ಯಾವುದು ಅಂತ ನನಗ ಗೊತ್ತಿಲ್ಲೇನು?"

ಆಮೇಲೆ ತಿಳಿಯಿತು, ಅದು ಪೊದೆಯೇ!

ಒಂದು ಸಂಜೆ ಅವಳು, ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದಳು. ಅಪ್ಪ, ಏಳನೆಯ ಬಾಗಿಲು, ಕೆಂಚ ಎಂಬ ಹೆಸರು. 'ಹೆಚ್ಚು ಹೇಳಿಬಿಟ್ಟೆನೇ?' ಎಂದು ಅವಳು ಉಗುರು ಕಚ್ಚುತ್ತ ಕೂತಳು.

ಕೊನೆಗೆ ಬಂದದ್ದು ಇಷ್ಟೇ: "ಕೆಂಚ... ಇನ್ನ ಮ್ಯಾಲೆ ನನಗೂ ಅದರ ಹೆಸರು ಅದೇ."

ಆಟ ಬಿಡುಗಡೆಯಾಗುವ ವಾರದ ಭಾನುವಾರ ಅವನು ಹೊಸ ಗೇಮ್ ಯಂತ್ರ, ಹೊಸ ಆಟದ ಡಿಸ್ಕು ಎರಡನ್ನೂ ಹೊತ್ತು ಅವಳ ಬಾಡಿಗೆ ಮನೆಗೆ ಬರುವುದು ಅಂತ ನಿಕ್ಕಿಯಾಯಿತು. ಮನೆಯೊಡತಿ ಕಸ್ತೂರೆವ್ವ ಪಡಸಾಲೆಯ ಟಿವಿ ಬಿಟ್ಟುಕೊಡಲು ಒಪ್ಪಿದ್ದಳು, ಶರತ್ತಿನ ಮೇಲೆ.

"ಬಾಗಲಾ ತಗದಿಟ್ಟು ಆಡ್ರಿ. ನಾ ಅಲ್ಲೇ ಜ್ವಾಳಾ ಹಸನ ಮಾಡಕೋತ ಕುಂದರತೀನಿ. ಆ ಡಾಕ್ಟರಗ ನಮ್ಮ ಆಕಳದ ಕೆಚ್ಚಲಾನೂ ಒಂದೀಟು ನೋಡಾಕ ಹೇಳು."

"ಆವತ್ತ ಬರೂವಾಗ ನಿಮಗ ಒಂದು ತೋರಸೂದೈತಿ," ಎಂದು ಅವನು ಬರೆದಿದ್ದ. "ಈಗ ಕೇಳಬ್ಯಾಡ್ರಿ."

ಅವಳು ಕೇಳಲಿಲ್ಲ. ಕೇಳುವುದಕ್ಕೆ ಅವಳಿಗೆ ಯಾವಾಗಲೂ ಭಯ. ಅವನ ಮನೆಯಲ್ಲಿ ಯಾರಿದ್ದಾರೆ ಅಂತಲೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ!

ಆದರೆ ಉತ್ತರ ತಾನಾಗಿಯೇ ಎದುರಾಯಿತು.

ಕಾಲೇಜಿನಿಂದ ಬರುವಾಗ ತೊಟ್ಟಿಲು ಮಾಡುವ ಅಮೋಘಸಿದ್ದಪ್ಪನ ಅಂಗಡಿ ಸಿಗುತ್ತಿತ್ತು. ಆವತ್ತು ಹೊರಗೆ ಒಂದು ತೊಟ್ಟಿಲು ಬಣ್ಣ ಆರಲು ನಿಂತಿತ್ತು. ಕೆಂಪು, ಹಳದಿ, ಹಸಿರು. ಬೆಣ್ಣೆ ಕದಿಯುವ ಕೃಷ್ಣ, ಗಿಳಿಗಳ ಸಾಲು. ಚಂದ ಅಂತ ನಿಂತು ನೋಡಿದಳು.

ಮೂಲೆಯಲ್ಲಿ, ಕೃಷ್ಣನ ಆಕಳ ಹಿಂದೆ, ಒಂದು ಕೆಂಪು ನರಿ.

ಅದರ ಒಂದು ಕಿವಿ ಹರಿದಿತ್ತು.

ಕೆಳಗೆ ಸಣ್ಣ ಅಕ್ಷರ: ಕೆಂಚ.

"ಇದು... ಇದು ಯಾರದ್ರಿ ಯಜಮಾನ್ರ?"

"ಡಾಕ್ಟರ್ ಗೌರೀಶಪ್ಪಾರದ್ರಿ, ದುಮ್ಮವಾಡದ್ದು. ನೋಡ್ರಿಲ್ಲೆ, ಹೆಸರೂ ಬರದೇನಿ. ಮನಿಗೆ ಮೊದಲನೇ ಕೂಸು. ಆ ನರಿ ಚಿತ್ರ ಅವರ ತಂದಕೊಟ್ಟಾರ. ನಾ ಅಂದೆ, ತೊಟ್ಟಲದಾಗ ನರಿ ಯಾಕ್ರಿ ಸಾಹೇಬ್ರ? ಕೇಳಲಿಲ್ಲ ನೋಡ್ರಿ!"

ತಲೆಹಲಗೆಯ ಮೇಲೆ ಗುಂಡಗಿನ ಹಳದಿ ಅಕ್ಷರಗಳಲ್ಲಿ ಅವನ ಹೆಸರು ಹೊಳೆಯುತ್ತಿತ್ತು.

ಅವಳು ಹೇಗೆ ಮನೆ ಮುಟ್ಟಿದಳೋ!

ಮದುವೆಯಾದವನು. ತಂದೆಯಾಗುತ್ತಿರುವವನು... ಅವನು ಸುಳ್ಳು ಹೇಳಿರಲಿಲ್ಲ, ನಿಜ. ತಾನೇ ಕೇಳಿರಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅಪ್ಪನ ಆ ಒಂದು ಮಾತು! ಅದನ್ನು ಇಷ್ಟು ವರ್ಷ ಬಾಯೊಳಗೇ ಇಟ್ಟುಕೊಂಡವಳು ಅವನೊಬ್ಬನಿಗೆ ಕೊಟ್ಟಿದ್ದಳು. ಅವನು ಅದನ್ನು ತನ್ನ ಮಗುವಿನ ತೊಟ್ಟಿಲಿಗೆ ಬರೆಸಿದ್ದ.

"ಭಾನುವಾರ ಬರಬ್ಯಾಡ್ರಿ," ಎಂದು ಬರೆದಳು. ಅಳಿಸಿದಳು. ಮತ್ತೆ ಅದನ್ನೇ ಬರೆದು ಕಳಿಸಿದಳು.

"ಯಾಕ್ರಿ? ಆರಾಮ ಇಲ್ಲೇನು?"

"ಆರಾಮ ಅದೀನಿ. ನನಗ ಇನ್ನ ಆ ಆಟ ಬ್ಯಾಡ."

ಆಮೇಲೆ ಬಂದ ಯಾವ ಸಂದೇಶವನ್ನೂ ಅವಳು ತೆರೆಯಲಿಲ್ಲ. ಕರೆ ಬಂದರೆ ಮೊಬೈಲನ್ನು ದಿಂಬಿನಡಿ ಇಟ್ಟು, ಅದು ನಡುಗಿ ನಡುಗಿ ಸುಮ್ಮನಾಗುವವರೆಗೂ ಕಾಯುತ್ತಿದ್ದಳು. ಕೆಲವು ದಿನಗಳ ನಂತರ ಕರೆಯೂ ನಿಂತಿತು.

ಅದು ಅವಳಿಗೆ ಬೇಕಾಗಿದ್ದೇ ಅಲ್ಲವೇ? ಹಾಗಾದರೆ ಈ ಮನೆ ಯಾಕೆ ಇಷ್ಟು ದೊಡ್ಡದಾಯಿತು?

ಆಟ ಬಿಡುಗಡೆಯಾಯಿತು. ಭಾನುವಾರವೂ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದವು. ಮಹಾನಂದಾ ಟ್ರಂಕಿನ ತಳದಿಂದ ಅಪ್ಪನ ಹಳೆಯ ಡಬ್ಬಿ ತೆಗೆದು ಪಡಸಾಲೆಯ ಟಿವಿಗೆ ಜೋಡಿಸಿದಳು. ಅಪ್ಪ ಹೋದ ಮೇಲೆ ಇದೇ ಮೊದಲು.

ಚಿತ್ರ ಮೂಡಿತು. ಏಳನೆಯ ಬಾಗಿಲು. ಎರಡು ಕಲ್ಲು. ಕಲ್ಲುಗಳಿಂದ ತುಸು ದೂರದಲ್ಲಿ ನೀಲಿ ಅಂಗಿಯ ಅಪ್ಪನ ಆಟಗಾರ ಹಾಗೆಯೇ ನಿಂತಿದ್ದ, ಉಸಿರಾಡುತ್ತ. ಕೆಂಚ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡುತ್ತಿತ್ತು.

ಅವಳು ತನ್ನ ಕಲ್ಲಿನ ಮೇಲೆ ಹೋಗಿ ನಿಂತಳು. ಏನೂ ಆಗಲಿಲ್ಲ. ಅಪ್ಪ ಆಡುತ್ತಿದ್ದ ಆಟದ ರಿಮೋಟು ಪಕ್ಕದ ಚಾಪೆಯ ಮೇಲಿತ್ತು. ಅದನ್ನು ಮುಟ್ಟಲು ಅವಳಿಗೆ ಕೈ ಬರಲಿಲ್ಲ.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಕಸ್ತೂರೆವ್ವ ಕೈ ನಿಲ್ಲಿಸಿದಳು.

"ಯಾಕಬೇ ಯವ್ವಾ, ಆಟಾ ಆಡಕೋತ ಅಳತಾರೇನು? ಆ ಡಾಕ್ಟರಾ ಯಾಕ ಬರಲಿಲ್ಲ?"

ತುಟಿ ಕಚ್ಚಿ ಹಿಡಿದದ್ದೆಲ್ಲ ಒಡೆಯಿತು.

"ಅವರಿಗೆ ಮದಿವಿ ಆಗೇತಬೇ ಅಜ್ಜಿ... ಹೇಂತಿ ಹಡ್ಯಾಕ ಹೋಗಿರಬೇಕು... ಅಮೋಘಸಿದ್ದಪ್ಪನ ಅಂಗಡ್ಯಾಗ ತೊಟ್ಟಲಾ ಐತಿ. ಅದರ ಮ್ಯಾಲೆ ಅವರ ಹೆಸರೈತಿ!"

ಕಸ್ತೂರೆವ್ವ ಅವಳನ್ನೇ ನೋಡಿದಳು. ಆಮೇಲೆ ಮೊರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದಳು.

"ಅಯ್ಯ ನನ ಶಿವನ! ಇಷ್ಟ್ ಕಲತಾಕಿ, ಇಷ್ಟೂ ತಿಳಿಲಿಲ್ಲೇನ ನಿನಗ? ತೊಟ್ಟಲಾ ಯಾವ ಅಪ್ಪ ಮಾಡಸ್ತಾನಬೇ? ಅದು ತವರಮನಿದು! ಕೂಸಿನ ಸ್ವಾದರಮಾವ ಮಾಡಸ್ತಾನ. ಬರಸೂದೂ ಕೊಟ್ಟವರ ಹೆಸರು, ಹಡದವರ ಹೆಸರಲ್ಲ. ಅವಗ ಒಬ್ಬಾಕಿ ತಂಗಿ ಇರಬೇಕು, ಹುಚ್ಚೀ!"

ಅಪ್ಪ ಮಗಳ ಮನೆಯಲ್ಲಿ ತೊಟ್ಟಿಲಿನ ಮಾತು ಎಂದೂ ಬಂದಿರಲಿಲ್ಲ. ಅವಳಿಗೆ ಅವ್ವ ಇಲ್ಲ, ಅಣ್ಣ ಇಲ್ಲ, ಹೆಸರು ಬರೆಸಿ ತೊಟ್ಟಿಲು ಕಳಿಸುವ ತವರೇ ಇಲ್ಲ. ಹೆಸರು ಅಂದರೆ ಅವಳಿಗೆ ಗೊತ್ತಿದ್ದದ್ದು ಅಪ್ಪನ ಹೆಸರೊಂದೇ!

'ನಾನು ಎಂಥ ಕೆಲಸ ಮಾಡಿದೆ...'

"ಈಗ ಅಳಕೋತ ಕುಂದರತೀಯೋ, ಬಸ್ ಹತ್ತತೀಯೋ?" ಎಂದಳು ಕಸ್ತೂರೆವ್ವ, ಮೊರ ಎತ್ತಿಕೊಳ್ಳುತ್ತ. "ಬರೂವಾಗ ಕರಕೊಂಡ ಬಾ. ಆಕಳದ ಕೆಚ್ಚಲಾ ಹಂಗ ಉಳದೈತಿ."

ಟಿವಿ ಆರಿಸಲಿಲ್ಲ. ಅಪ್ಪನ ಆಟಗಾರ ನಿಂತಲ್ಲೇ ನಿಂತಿರಲಿ ಅಂತ ಹಾಗೆಯೇ ಹೊರಟಳು.

ದುಮ್ಮವಾಡದ ಬಸ್ಸಿನಲ್ಲಿ ಅವಳು ಹತ್ತು ಬಗೆಯ ಮಾತು ಜೋಡಿಸಿಕೊಂಡಳು. ದವಾಖಾನೆಯ ಮುಂದೆ ಇಳಿದಾಗ ಒಂದೂ ನೆನಪಾಗಲಿಲ್ಲ.

ಭಾನುವಾರದ ದವಾಖಾನೆ ಖಾಲಿ. ಕಟ್ಟೆಯ ಮೇಲೆ ಗೌರೀಶ ಒಬ್ಬನೇ ಕೂತು ಒಂದು ಕರುವಿನ ಕಾಲಿಗೆ ಪಟ್ಟಿ ಸುತ್ತುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು. ಮುಖದಲ್ಲಿ ಸಂತೋಷ ಬಂದು, ತಾನು ಬರಬಹುದೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತ ಹಾಗಿತ್ತು.

"ಬರ್ರಿ," ಎಂದ. ಅಷ್ಟೇ.

"ತೊಟ್ಟಲಾ..." ಎಂದಳು ಅವಳು. "ನಿಮ್ಮ ತಂಗಿದೇನ್ರಿ?"

"ಹೌದ್ರಿ. ದಾಕ್ಷಾಯಣಿದು. ಅಪ್ಪ ಇಲ್ಲ, ಅದಕ್ಕ ನಾನ ಮಾಡಸಿದೆ. ನೀವು ಎಲ್ಲೆ ನೋಡಿದ್ರಿ? ನಾನ ತೋರಸಬೇಕಂತ..." ತಟ್ಟನೆ ಅವನಿಗೆ ಹೊಳೆಯಿತು. "ಅಯ್ಯ! ನೀವು ನನ್ನ ಕೂಸು ಅಂತ ತಿಳಕೊಂಡ್ರ್ಯಾ? ನನಗ ಇನ್ನ ಮದಿವೀನ ಆಗಿಲ್ರಿ!"

ಅವಳು ತಲೆ ತಗ್ಗಿಸಿದಳು.

"ಒಂದ್ ಮಾತು ಕೇಳಬಾರದಾಗಿತ್ತೇನ್ರಿ?"

"ನನಗ ಕೇಳಾಕ ಬರೂದಿಲ್ರಿ," ಎಂದಳು. ಕಣ್ಣು ತುಂಬಿದ್ದವು. "ಕೇಳಿದ್ರ ಇದ್ದದ್ದೂ ಹೋಗತೈತಿ ಅಂತ ಅಂಜಿಕಿ."

ಅವನು ಪಟ್ಟಿಯ ತುದಿಗೆ ಗಂಟು ಹಾಕಿದ. ಕರು ಅವನ ಮೊಣಕಾಲು ನೆಕ್ಕುತ್ತಿತ್ತು.

"ತಪ್ಪು ನಂದೂ ಐತ್ರಿ. ಮಾಸ್ತರು ಇಟ್ಟ ಹೆಸರು ನಿಮ್ಮೊಬ್ಬರ ಬಾಯಾಗ ಉಳದಿತ್ತು. ಒಂದು ಕೂಸು ಅದನ್ನ ನೋಡಕೋತ ಬೆಳೀಲಿ, ಕೆಂಚಾ ಕೆಂಚಾ ಅನಲಿ ಅಂತ ಬರಸಿದೆ. ಮೊದಲ ನಿಮ್ಮನ್ನ ಕೇಳಬೇಕಾಗಿತ್ತು. ಬ್ಯಾಡ ಅಂದ್ರ ಇವತ್ತ ಅಳಸತೀನಿ."

"ಅಳಸಬ್ಯಾಡ್ರಿ!" ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಇರಲಿ... ಅಪ್ಪಗ ಖುಷಿ ಆಗತಿತ್ತು."

ಕಿಟಕಿಯ ಒಳಗೆ, ಔಷಧಿ ಬಾಟಲಿಗಳ ಪಕ್ಕ, ಹೊಸ ಆಟದ ಡಿಸ್ಕು ಕಂಡಿತು. ಅದರ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು.

"ಆಡಿಲ್ಲೇನ್ರಿ?"

"ಇಲ್ಲ."

"ಎಲ್ಲಾರೂ ಮುಗಿಸಿರಬೇಕು... ನರಿ ಐತೋ ಇಲ್ಲೋ, ಅದನ್ನರ ನೋಡಬೇಕಿಲ್ಲ?"

"ಒಬ್ಬನ ನೋಡಿ ಏನ್ ಮಾಡ್ಲಿ?" ಎಂದ ಅವನು. "ಇದ್ರ ಯಾರಿಗೆ ಹೇಳಲಿ? ಇಲ್ಲಂದ್ರ ಯಾರ ಜೋಡಿ ಚಿಂತಿ ಮಾಡ್ಲಿ?"

ಇಳಿಬಿಸಿಲಿನಲ್ಲಿ ಅವರಿಬ್ಬರೂ ಕಲಘಟಗಿಗೆ ಬಂದರು. ಅವನು ಮೊದಲು ಕೈಕಾಲು ತೊಳೆದು ಆಕಳಿನ ಕೆಚ್ಚಲು ನೋಡಿದ, ಇಲ್ಲದಿದ್ದರೆ ಕಸ್ತೂರೆವ್ವ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆಮೇಲೆ ಹೊಸ ಯಂತ್ರವನ್ನು ಟಿವಿಯ ಹತ್ತಿರ ಇಟ್ಟು, ಪರದೆಯ ಮೇಲೆ ನಿಂತ ಹಳೆಯ ಚಿತ್ರವನ್ನು ಕಂಡ.

ಅದು ಯಾವ ಬಾಗಿಲು ಅಂತ ಅವನಿಗೆ ತಿಳಿದಿತ್ತು.

ಮಹಾನಂದಾ ಚಾಪೆಯ ಮೇಲಿನ ಅಪ್ಪನ ರಿಮೋಟನ್ನು ದುಪಟ್ಟಾದಿಂದ ಒರೆಸಿದಳು. ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಇದನ್ನ ಯಾರಿಗೂ ಕೊಟ್ಟಿಲ್ರಿ ನಾ..."

"ಕೊಡೂದು ಬ್ಯಾಡ ಅನಸಿದ್ರ..."

"ತಗೋರಿ," ಎಂದಳು. "ಹೊಸಾದಕ್ಕಿಂತ ಮೊದಲ ಇದನ್ನ ಮುಗಸೂಣು. ನೀವು ಬಾಜು ನಿಂದ್ರಿ. ಇವತ್ತ ಅಷ್ಟ ಅಲ್ರಿ... ಯಾವಾಗ್ಲೂ."

ಹೇಳಿದ ಮೇಲೆ ಅವಳ ಕಿವಿ ಕೆಂಪಾದವು. ಅವನು ರಿಮೋಟನ್ನು ತೆಗೆದುಕೊಂಡ. ಎಮ್ಮೆಗಳನ್ನು ಅಲುಗದಂತೆ ಹಿಡಿಯುವ ಕೈಯಲ್ಲಿ ಅದನ್ನು ಹಿಡಿದು ಅವಳ ಪಕ್ಕ ಕೂತ.

ನೀಲಿ ಅಂಗಿಯವನು ಎಷ್ಟೋ ವರ್ಷಗಳ ನಂತರ ಮೆಲ್ಲಗೆ ಹೆಜ್ಜೆ ಎತ್ತಿದ. ಎರಡನೆಯ ಕಲ್ಲಿನ ಮೇಲೆ ನಿಂತ.

ಬಾಗಿಲು ತೆರೆಯಿತು.

ಮೊದಲು ಓಡಿದ್ದು ಕೆಂಚ. ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿ ಬೆಳಕಿನೊಳಗೆ ಹೋಯಿತು. ಮಹಾನಂದಾ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಈ ಸಲ ಅದನ್ನು ಮರೆಮಾಡಲಿಲ್ಲ.

"ಮುಗೀತೇನಬೇ?" ಎಂದಳು ಕಸ್ತೂರೆವ್ವ ಜೋಳ ಕೇರುತ್ತ.

"ಇದು ಮುಗೀತಬೇ ಅಜ್ಜಿ."

ಗೌರೀಶ ಹೊಸ ಡಿಸ್ಕನ್ನು ಅವಳ ಕೈಗೆ ಕೊಟ್ಟ. "ಹೊದಿಕಿ ನೀವ ಹರೀರಿ."

ಅವಳು ಪ್ಲಾಸ್ಟಿಕ್ಕಿನ ತುದಿಯನ್ನು ಉಗುರಿನಿಂದ ಎತ್ತಿ, ನಿಂತಳು.

"ಒಂದು ಕೇಳ್ಲ್ಯಾ?"

"ಕೇಳ್ರಿ. ಕೇಳೂದನ್ನ ಕಲೀರಿ."

"ಇದರಾಗ ನರಿ ಇಲ್ಲದಿದ್ರ?"

"ಇಲ್ಲದಿದ್ರ ನಾ ಅದೀನಿ. ಕಿವಿ ಒಂದು ಹರದಿಲ್ಲ ನೋಡು, ಅಷ್ಟ."

ಅವನು 'ನೋಡ್ರಿ' ಅಂದಿರಲಿಲ್ಲ. ಅವಳು ಅದನ್ನು ಗಮನಿಸಿದಳು. ಕಣ್ಣೊರೆಸಿಕೊಂಡು, ಮೊದಲ ಸಲ ತಾನೂ ಹಾಗೆಯೇ ಅಂದಳು.

"ಹಂಗಾರ... ಸರಕೊಂಡು ಕೂಡು. ಶುರು ಮಾಡೂಣು."